ಎಂಟು ಎಣಿಕೆಗೆ ಹಿಡಿಯದ ಹೆಸರು

ಅಡುಗೆಮನೆಯ ನಲ್ಲಿ ನಿಮಿಷಕ್ಕೆ ಐವತ್ತೆಂಟು ಹನಿ ಬೀಳಿಸುತ್ತಿತ್ತು. ಎಲಿಹಿಯೊ ಬೇಕೆಂದು ಎಣಿಸಿದ್ದಲ್ಲ. ಎಣಿಕೆ ಅವನೊಳಗೆ ತಾನಾಗಿ ನಡೆಯುತ್ತಿತ್ತು. ಕಾರಿನ ಮಿಣುಕುದೀಪ, ವಿಮಾನದಲ್ಲಿ ಪಕ್ಕದ ಸೀಟಿನವನ ಗೊರಕೆ, ಅಪ್ಪನ ಶವಪೆಟ್ಟಿಗೆಯ ಮೇಲೆ ಬಿದ್ದ ಮಣ್ಣು, ಎಲ್ಲಕ್ಕೂ ಅವನ ತಲೆಯಲ್ಲಿ ಒಂದೊಂದು ಸಂಖ್ಯೆ ಇತ್ತು. ಈ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ವಿಮಾನ ನಿಲ್ದಾಣದ ಮಗ್ಗುಲಿನ ಬಡಾವಣೆ ಪೆನ್ಯೋನ್ ದೆ ಲೋಸ್ ಬಾನ್ಯೋಸ್‌ನಲ್ಲಿ ತಾನು ಹುಟ್ಟಿದ ಮನೆಯ ಮೇಜಿನ ಮುಂದೆ, ಹಳೆಯ ಎಕೋ ಯಂತ್ರದ ಮುಚ್ಚಳ ಬಿಚ್ಚಿಕೊಂಡು ಕೂತು, ಅವನು ಇನ್ನೂ ನೋಡಿರದ ಒಂದು ಚೀಟಿಯ ಬಗ್ಗೆ ಯೋಚಿಸುತ್ತಿದ್ದ. ಮಧ್ಯಾಹ್ನದ ಯಾವುದೋ ಹೊತ್ತಿನಲ್ಲಿ ಅದೇ ಬೀದಿಯ ಹೊಲಿಗೆಯಾಕೆ ದೋನ್ಯಾ ಎರ್ಮೆಲಿಂದಾ ಆ ಚೀಟಿಯನ್ನು ಅವನ ಕೈಗೆ ಕೊಡುತ್ತಾರೆ. ಅವನು ಅದನ್ನು ಮೈಕಿನಲ್ಲಿ ಓದಬೇಕು. ಅಷ್ಟೇ ಕೆಲಸ. ಹನ್ನೊಂದು ದೇಶಗಳಲ್ಲಿ ಸಾವಿರಾರು ಜನರ ಎದುರು ನಿಂತು ಸಂಗೀತ ನುಡಿಸಿದ್ದವನು ಅವನು. ಆದರೆ ಅಲ್ಲೆಲ್ಲೂ ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ.

ಯಂತ್ರ ಸರಿಯಿದೆಯೇ ಎಂದು ನೋಡಲು ಒಂದು ತಂತಿ ಬೇಕಾಗಿತ್ತು. ಕೈಗೆ ಸಿಕ್ಕಿದ್ದು ರೆಕಾರ್ಡರಿನದು. ಅದನ್ನೇ ಕಿತ್ತು ಎಕೋ ಯಂತ್ರಕ್ಕೆ ಸಿಕ್ಕಿಸಿ, ಮೈಕಿಗೆ ಉಫ್ ಎಂದು ಊದಿದ. ಉಸಿರು ಏಳು ಸಲ ಹಿಂದಿರುಗಿ ಬಂದು ಸತ್ತಿತು. ಅಕ್ಕ ಒತೀಲಿಯಾ ಹೆಗಲ ಮೇಲೆ ವೈರಿನ ಸುರುಳಿ ಹೊತ್ತು ಬಂದವಳು ಬಾಗಿಲಲ್ಲೇ ನಿಂತಳು. ಅಪ್ಪ ತೀರಿಕೊಂಡ ಮೇಲೆ, ಬೀದಿ ಕುಣಿತಗಳಿಗೆ ಹಾಡು ಹಾಕುವ ಸೋನಿದೊ ವೆಲೆತಾವನ್ನು ನಡೆಸುತ್ತಿರುವವಳು ಅವಳು: ಹದಿನಾರು ಸ್ಪೀಕರು, ಎರಡು ಪ್ಲೇಯರು, ಕುಂಬಿಯಾ ಎಂಬ ಕುಣಿತದ ಹಾಡುಗಳ ಮೂರು ಸಾವಿರದಷ್ಟು ರೆಕಾರ್ಡು, ಒಂದು ಮೈಕು. ಇವತ್ತಿಗೆ ಅದಕ್ಕೆ ಐವತ್ತು ವರ್ಷ. ಮಾಮೂಲಿಯಾಗಿ ಮೈಕು ಹಿಡಿಯುವವನು ಅವಳ ಗಂಡ ನಬೋರ್. ಅವನ ಗಂಟಲಿನಿಂದ ಹೋದ ವಾರ ಏನೋ ಗಂಟು ತೆಗೆದಿದ್ದರು. ಮೂರು ವಾರ ಒಂದಕ್ಷರ ಮಾತಾಡಬಾರದೆಂದು ಡಾಕ್ಟರು ಹೇಳಿದ್ದರು. ಅವನೀಗ ಮಗಳ ಹಳೆಯ ಸ್ಲೇಟೊಂದನ್ನು ಕೊರಳಿಗೆ ತೂಗುಹಾಕಿಕೊಂಡು ತಿರುಗುತ್ತಿದ್ದ.

“ಲೋ, ಇನ್ನೂ ಬಿಚ್ಕೊಂಡೇ ಕೂತಿದ್ದೀಯಾ? ಅಪ್ಪ ಅದರ ತಲೆಗೆ ಎರಡು ತಟ್ಟಿದ್ರೆ ಮಾತಾಡ್ತಿತ್ತು.”

ನಬೋರ್ ಹಿಂದಿನಿಂದ ಸ್ಲೇಟು ಎತ್ತಿ ತೋರಿಸಿದ. ಇವನಿಗೂ ಎರಡು ತಟ್ಟಿ ನೋಡು, ಎಂದು ಬರೆದಿದ್ದ.

ಒತೀಲಿಯಾ ನಗಲಿಲ್ಲ. ಚೀಟಿಗಳಿಗೆ ರಬ್ಬರ್ ಬ್ಯಾಂಡ್ ಹುಡುಕುತ್ತಿದ್ದಳು. ಅಪ್ಪನ ಕಾಲದಿಂದಲೂ ಮೂರು ಕಟ್ಟು: ಊರಿನವರದು, ಗಡಿಯ ಆ ಕಡೆ ಇರುವವರದು, ಸ್ವರ್ಗದಲ್ಲಿರುವವರದು. ಯಾರಿಗೆ ಸಲಾಮು ಹೇಳಬೇಕೋ ಅವರ ಹೆಸರನ್ನು ಜನ ಚೀಟಿಯಲ್ಲಿ ಬರೆದು ತರುತ್ತಾರೆ. ಹಾಡು ನಡೆಯುತ್ತಿರುವಾಗಲೇ ಅದರ ಮೇಲೆ ಸೋನಿದೊದವನು ಹೆಸರುಗಳನ್ನು ಓದುತ್ತಾನೆ. ಕುಣಿಯಲು ಬರುವವರಷ್ಟೇ ಜನ ತಮ್ಮ ಹೆಸರು ಕೇಳಲು ಬರುತ್ತಾರೆ. ದೋನ್ಯಾ ಎರ್ಮೆಲಿಂದಾ ಇಪ್ಪತ್ತಾರು ವರ್ಷಗಳಿಂದ ಒಂದೇ ಹೆಸರನ್ನು ಎರಡನೇ ಕಟ್ಟಿಗೆ ಕೊಡುತ್ತ ಬಂದಿದ್ದರು. ಈ ಸಲ ಯಾವ ಕಟ್ಟಿಗೆ ಅಂತ ಹೋಗಿ ಕೇಳಿಕೊಂಡು ಬಾ, ಎಂದಳು ಒತೀಲಿಯಾ. ಬೀದಿಯಲ್ಲಿ ಜನ ಆಡಿಕೊಳ್ಳುತ್ತಿದ್ದಾರೆ, ಆ ಮಾಂಸದಂಗಡಿ ಕ್ರಿಸ್ಪೀನ್ ಅಂತೂ ಅವರ ಎದುರಿಗೇ ಕೇಳಿಬಿಟ್ಟನಂತೆ, ಇನ್ನೂ ಎಷ್ಟು ವರ್ಷ ಅಂತ. ಹಾಗೆಂದು ಆಮೇಲೆ, ಕೆಲಸದ ನಡುವೆ ನೆನಪಾದವಳಂತೆ, ಸೇರಿಸಿದಳು: “ನಿನ್ನ ಹಾಡನ್ನ ಅವರು ಕೇಳಿದ್ದಾರೆ, ಎಲಿ. ನನಗೇನೂ ಹೇಳಲಿಲ್ಲ. ನೀನೇ ಮೈಕು ಹಿಡೀತೀಯಾ ಅಂತ ಮಾತ್ರ ಎರಡು ಸಲ ಕೇಳಿದ್ರು.”

ಅವನ ಅಂಗಿಯ ಜೇಬಿನಲ್ಲಿ ಕ್ಯಾಸೆಟ್ಟು ಇತ್ತು. ಬೆಳಿಗ್ಗೆ ಎದ್ದವನೇ ಇಟ್ಟುಕೊಂಡಿದ್ದ, ಜ್ವರ ಬಂದವನು ಮಾತ್ರೆ ಇಟ್ಟುಕೊಳ್ಳುವ ಹಾಗೆ. ಬೆನ್ನಿಗೆ ಅವನದೇ ಅಕ್ಷರ: ಮಾರ್ಚ್ ೧೯೯೮, ಎರಡನೇ ಬದಿ. ಆಗ ಅವನಿಗೆ ಹತ್ತೊಂಬತ್ತು. ಅಪ್ಪ ಮೈಕಿನ ಹಿಂದೆ, ಅವನು ಅಪ್ಪನ ಹಿಂದೆ, ಎರಡು ರೆಕಾರ್ಡರಿನ ಗುಂಡಿಗಳ ಮೇಲೆ ಬೆರಳಿಟ್ಟುಕೊಂಡು. ಕುಣಿತ ಮುಗಿಯುವಷ್ಟರಲ್ಲಿ ಕ್ಯಾಸೆಟ್ಟುಗಳು ತಯಾರಿರಬೇಕಿತ್ತು. ಜನ ಅವನ್ನು ಲಕೋಟೆಗೆ ಹಾಕಿ ಚಿಕಾಗೋಗೆ, ಹ್ಯೂಸ್ಟನ್‌ಗೆ, ಹೆಸರೇ ಕೇಳಿರದ ಕೋಳಿ ಕಾರ್ಖಾನೆಯ ಊರುಗಳಿಗೆ ಅಂಚೆ ಮಾಡುತ್ತಿದ್ದರು. ಅಲ್ಲಿ ಒಂದು ಕೋಣೆಯಲ್ಲಿ ಎಂಟು ಜನ ಕೂತು ತಮ್ಮ ಹೆಸರು ಬರುವವರೆಗೆ ಹಾಡುಗಳನ್ನು ಸಹಿಸಿಕೊಳ್ಳುತ್ತಿದ್ದರಂತೆ. ಮೈಕಿನ ಹತ್ತಿರ ಅವನು ಹೋಗುತ್ತಿರಲಿಲ್ಲ. ಹದಿನಾರನೆಯ ವಯಸ್ಸಿನಲ್ಲಿ ಅಪ್ಪ ಒಂದು ಸಲ ಬಲವಂತವಾಗಿ ಕೈಗೆ ಕೊಟ್ಟಿದ್ದ. ಎರಡು ಹೆಸರು ಓದಿದ. ಮೂರನೆಯದಕ್ಕೆ ಧ್ವನಿ ಎರಡಾಗಿ ಸೀಳಿ, ಎಕೋ ಯಂತ್ರ ಆ ಸೀಳನ್ನೇ ಏಳು ಸಲ ಬೀದಿಗೆಲ್ಲ ಕೇಳಿಸಿತು. ಎದುರಿಗಿದ್ದ ಕ್ರಿಸ್ಪೀನ್ ಕೋಳಿಯಂತೆ ಕೂಗಿದ, ಬೀದಿ ನಕ್ಕಿತು. ನಗದೇ ಇದ್ದವನು ದೋನ್ಯಾ ಎರ್ಮೆಲಿಂದಾರ ಮಗ ಹೆನಾರೊ ಒಬ್ಬ. ಅವನು ಕುಣಿಯುವುದನ್ನು ನಿಲ್ಲಿಸಿ, ಮೂರನೆಯ ಹೆಸರು ಯಾರದು ಅಂತ ಕೇಳಿದ್ದ, ತುಂಬ ಗಂಭೀರವಾಗಿ, ಆ ಹೆಸರಿನವರಿಗೆ ಅನ್ಯಾಯವಾಗಬಾರದು ಅನ್ನುವ ಹಾಗೆ.

ಆಮೇಲೆ ನಡೆದದ್ದನ್ನೆಲ್ಲ ಜನ ಅವನ ಸಂಗೀತದ ಪಯಣ ಎಂದು ಬರೆಯುತ್ತಾರೆ. ಮಾತಾಡಲಾರದವನು ಬೇರೆಯವರ ಧ್ವನಿಯನ್ನು ಕತ್ತರಿಸಿ ಹಾಡಿಗೆ ಜೋಡಿಸುವುದನ್ನು ಕಲಿತ, ಅಷ್ಟೇ ನಡೆದದ್ದು. ಮೊದಲು ಎರಡು ಕ್ಯಾಸೆಟ್ಟು, ಒಂದು ಪೆನ್ಸಿಲು, ಅಂಟುಪಟ್ಟಿ. ಆಮೇಲೆ ಕಳ್ಳ ಸಾಫ್ಟ್‌ವೇರು ತುಂಬಿದ ಕಂಪ್ಯೂಟರು. ಇಜ್ತಪಲಾಪಾದ ಗೋದಾಮುಗಳಲ್ಲಿ ನಲವತ್ತು ಜನರಿಗೆ, ಗ್ವಾದಲಹಾರಾದಲ್ಲಿ ನಾನೂರು ಜನರಿಗೆ, ಕೊನೆಗೆ ಬರ್ಲಿನ್‌ಗೆ. ಅಲ್ಲಿ ನಾಲ್ಕು ಚಳಿಗಾಲ ಕಳೆದ. ಮೂರನೆಯ ಚಳಿಗಾಲದಲ್ಲಿ, ಎರಡು ತಿಂಗಳಿಂದ ಏನೂ ಹುಟ್ಟದೆ, ಕಿಟಕಿಯಾಚೆ ಮೂರು ಗಂಟೆಗೇ ಬೆಳಕು ಆರುತ್ತಿದ್ದಾಗ, ಸೂಟ್‌ಕೇಸಿನ ತಳದಿಂದ ಈ ಕ್ಯಾಸೆಟ್ಟು ತೆಗೆದ.

ಕ್ಯಾಸೆಟ್ಟು ಅವನದಾಗಿರಲಿಲ್ಲ. ಹೆನಾರೊ ಫೆಬ್ರವರಿಯಲ್ಲಿ ಹೊರಟವನು ಉತ್ತರದ ಅಲ್ತಾರ್ ಎಂಬ ಊರಿನಿಂದ ಬೀದಿಯ ಔಷಧಿ ಅಂಗಡಿಗೆ ಒಮ್ಮೆ ಫೋನು ಮಾಡಿದ್ದ. ನಾಳೆ ಮರಳುಗಾಡು ದಾಟುತ್ತೇವೆ, ಅಮ್ಮನಿಗೆ ಹೇಳಿ, ಎಂದಿದ್ದ. ಮಾರ್ಚಿನ ಕುಣಿತದಲ್ಲಿ ದೋನ್ಯಾ ಎರ್ಮೆಲಿಂದಾ ಚೀಟಿ ಕೊಟ್ಟರು, ಅಪ್ಪ ಓದಿದ. ಕೊನೆಗೆ ಎಲ್ಲರೂ ತಮ್ಮ ತಮ್ಮ ಕ್ಯಾಸೆಟ್ಟು ತೆಗೆದುಕೊಂಡು ಹೋದ ಮೇಲೆ ಅವರು ತಮ್ಮದನ್ನು ಎಲಿಹಿಯೊನ ಕೈಗೇ ವಾಪಸು ಕೊಟ್ಟಿದ್ದರು. ಇನ್ನೂ ವಿಳಾಸ ಕಳಿಸಿಲ್ಲ ಅವನು, ನಿನ್ನ ಹತ್ರ ಇರಲಿ, ವಿಳಾಸ ಬಂದ ದಿನ ಅಂಚೆಗೆ ಹಾಕು, ನೀನು ಅವನ ಸ್ನೇಹಿತ. ವಿಳಾಸ ಬರಲಿಲ್ಲ. ಮರಳುಗಾಡಿನ ಎರಡೂ ಬದಿಯ ಕಚೇರಿಗಳಿಂದ ಬಂದದ್ದು ಇಲ್ಲ ಎಂಬ ಉತ್ತರ ಮಾತ್ರ; ಹೆಣವಿಲ್ಲ, ಹೆಸರಿಲ್ಲ, ದಾಖಲೆಯಿಲ್ಲ. ಕ್ಯಾಸೆಟ್ಟು ಇಪ್ಪತ್ತೊಂದು ವರ್ಷ ಅವನ ಬಳಿ ಇತ್ತು. ಒಪ್ಪಿಸಿದ್ದನ್ನು ಇಟ್ಟುಕೊಂಡಿದ್ದೇನೆ ಎಂಬುದು ಮೊದಲು ಭಾರವಾಗಿತ್ತು, ಆಮೇಲೆ ಅಭ್ಯಾಸವಾಯಿತು, ಆಮೇಲೆ ಅದು ಅವನದೇ ಅನ್ನಿಸತೊಡಗಿತು.

ಅಪ್ಪನ ಧ್ವನಿ ಹೀಗೆ ಹೇಳುತ್ತಿತ್ತು: ಸಲಾಮು, ಸಲಾಮು, ಆ ಕಡೆಗೆ ಸಲಾಮು, ಹೆನಾರೊ ತಾಪಿಯಾ ಒಲ್ವೇರಾ, ಇದಾಲ್ಗೊ ಬೀದಿ ಹದಿನಾಲ್ಕನೇ ನಂಬರಿನವನು, ಎಲ್ಲಿದ್ದರೂ ಸರಿ, ನಿನ್ನ ತಾಯಿ ನಿನ್ನ ತಟ್ಟೆ ಎತ್ತಿಟ್ಟಿದ್ದಾಳೆ. ಅವನು ಕಟ್ಟುತ್ತಿದ್ದ ಹಾಡು ನಿಮಿಷಕ್ಕೆ ನೂರಿಪ್ಪತ್ತೆರಡು ಏಟಿನದು. ಎಂಟು ಎಣಿಕೆ ಎಂದರೆ ಮೂರು ಸೆಕೆಂಡು, ತೊಂಬತ್ತಮೂರು ಶತಾಂಶ. ‘ಎಲ್ಲಿದ್ದರೂ ಸರಿ’ಯಿಂದ ‘ಎತ್ತಿಟ್ಟಿದ್ದಾಳೆ’ಯವರೆಗಿನ ಮಾತು ಅದರಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂತಿತು. ಹೆಸರು ಮತ್ತು ನಂಬರು ಸೇರಿಸಿದರೆ ಏಳು ಸೆಕೆಂಡು ದಾಟುತ್ತಿತ್ತು. ಅವನು ಹೆಸರನ್ನು ಕತ್ತರಿಸಿದ. ಆ ಹೊತ್ತಿನಲ್ಲಿ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ ಎಂಬುದು ಅವನಿಗೆ ಚೆನ್ನಾಗಿ ನೆನಪಿದೆ; ಹೆಸರು ಉದ್ದವಾಗಿತ್ತು. ಆ ಹೆಸರು ಬಿಟ್ಟಿದ್ದರಿಂದ ಹಾಡು ಎಲ್ಲರದಾಯಿತು ಎಂಬ ಮಾತು ಆಮೇಲಿನದು, ಅದನ್ನು ಕೊಟ್ಟವರೂ ಬೇರೆಯವರು. ‘ಯಾರೋ ಒಬ್ಬ ತಾಯಿಯಲ್ಲ, ಎಲ್ಲರ ತಾಯಿ’ ಎಂದು ಅಲ್ಲಿನ ಪತ್ರಿಕೆಯವಳು ಬರೆದಳು. ಈ ಧ್ವನಿ ಎಲ್ಲಿಯದು ಎಂದು ಅವಳು ಕೇಳಿದಾಗ ಅವನು ಕಾಫಿ ಕಲಕುತ್ತಾ ಹೇಳಿದ್ದ: ಒಂದು ಹಳೆ ಸಾಮಾನಿನ ಸಂತೆಯಲ್ಲಿ ಸಿಕ್ಕಿದ ಕ್ಯಾಸೆಟ್ಟು. ಯಾಕೆ ಹಾಗೆ ಹೇಳಿದ? ಅಪ್ಪ ಆಗ ಬದುಕಿದ್ದ. ಫೋನಿನಲ್ಲಿ ಹಾಡು ಕೇಳಿ ಅಪ್ಪ, ಚೆನ್ನಾಗಿದೆ, ಆದರೆ ಚೀಟಿ ಪೂರ್ತಿ ಓದಿಲ್ಲವಲ್ಲೋ, ಎಂದಿದ್ದ. ಚೀಟಿಯಲ್ಲಿ ಇದ್ದದ್ದನ್ನು ಒಂದಕ್ಷರ ಬಿಡದೆ, ಒಂದಕ್ಷರ ಸೇರಿಸದೆ ಓದುವುದು ಅಪ್ಪನ ಒಂದೇ ನಿಯಮ. ಒಬ್ಬ ತನ್ನ ಭಾವಮೈದುನನನ್ನು ಕತ್ತೆ ಎಂದು ಬರೆದಿದ್ದಾಗ ಅದನ್ನೂ ಓದಿ, ಆಮೇಲೆ ನಡೆದ ಜಗಳವನ್ನೂ ಬಿಡಿಸಿದವನು.

ಐದು ವರ್ಷವಾಯಿತೆಂದು ಅದೇ ಹಾಡನ್ನು ಈಗ ಹೊಸದಾಗಿ ಅಚ್ಚು ಹಾಕುವವರಿದ್ದರು. ನಾಳೆ, ಸೋಮವಾರ, ಬರ್ಲಿನ್‌ಗೆ ಫೈಲು ಹೋಗಬೇಕು. ಅದಕ್ಕೆ ಮುಂಚೆ ದೋನ್ಯಾ ಎರ್ಮೆಲಿಂದಾಗೆ ಹೇಳಿಬಿಡಬೇಕು. ಏನನ್ನು ಹೇಳಬೇಕು ಎಂಬುದನ್ನು ಅವನು ಬೀದಿಯಲ್ಲಿ ನಡೆಯುತ್ತಾ ಮೂರು ರೀತಿಯಲ್ಲಿ ಜೋಡಿಸಿದ. ಬೀದಿಗೆ ಅಡ್ಡಲಾಗಿ ಹಳದಿ ಟಾರ್ಪಾಲು ಎಳೆಯುತ್ತಿದ್ದರು. ತಲೆಯ ಮೇಲೆ ವಿಮಾನವೊಂದು ಇಳಿಯುತ್ತಿದ್ದಾಗ ಎಲ್ಲರೂ ಅಭ್ಯಾಸದಂತೆ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ಅರ್ಧದಿಂದ ಮುಂದುವರಿಸಿದರು. ಹದಿನಾಲ್ಕನೇ ನಂಬರಿನ ಜಾಗದಲ್ಲಿ ಈಗ ಮನೆಯಿಲ್ಲ. ೨೦೧೭ರ ಭೂಕಂಪದಲ್ಲಿ ಗೋಡೆ ಬಿರಿದು, ಕೆಡವಿ, ಜಲ್ಲಿ ಹಾಸಿ ಕಾರು ನಿಲ್ಲಿಸುತ್ತಿದ್ದಾರೆ. ಅದನ್ನು ದಾಟುವಾಗ ಅವನ ನಡಿಗೆಯ ಲೆಕ್ಕ ತಪ್ಪಿತು. ಅವರು ಈಗಿರುವ ಮೂವತ್ತೊಂದರ ಹಸಿರು ಬಾಗಿಲಿನ ಬೆಲ್ಲು ಒತ್ತಿದ. ಸದ್ದು ಬರಲಿಲ್ಲ. ಮೆಲ್ಲಗೆ ಬಡಿದ. ಒಳಗೆ ಹೊಲಿಗೆ ಯಂತ್ರ ಓಡುತ್ತಲೇ ಇತ್ತು. ಯಾರೂ ಇಲ್ಲ ಎಂದುಕೊಂಡು ಹಿಂದಿರುಗಲು ಒಂದು ಕ್ಷಣ ಅವನಿಗೆ ಸಂತೋಷವೇ ಆಯಿತು. ಯಂತ್ರದ ಸದ್ದು ಕೇಳುತ್ತಿರುವಾಗ ಹಾಗಂದುಕೊಳ್ಳಲು ಸಾಧ್ಯವಾದದ್ದಕ್ಕೆ ನಾಚಿ, ಜೋರಾಗಿ ಬಡಿದ.

ಯಾರದೋ ಮಗಳ ಬಿಳಿ ಉಡುಪಿನ ಅಂಚು ಮಡಚುತ್ತಿದ್ದರು ಅವರು. ಕೂತುಕೋ ಎನ್ನಲಿಲ್ಲ, ಗುಂಡುಸೂಜಿಯ ಡಬ್ಬಿ ಅವನ ಕೈಗೆ ಕೊಟ್ಟು, ಕೇಳಿದಾಗ ಒಂದೊಂದೇ ಕೊಡು ಎಂದರು. ಎಪ್ಪತ್ತಮೂರು ವರ್ಷದವರ ಬೆರಳು, ನೆಟ್ಟಗಿತ್ತು. ಕ್ಷಮಾಪಣೆಗೆಂದು ಬಂದವನು ಸೂಜಿ ಕೊಡುತ್ತಾ ನಿಂತ. ಆ ನಿಲುವಿನಲ್ಲಿ ಜೋಡಿಸಿ ತಂದಿದ್ದ ಮೂರೂ ಮಾತುಗಳು ದೊಡ್ಡದಾಗಿ ಕಂಡವು.

“ಹಲ್ಲಿನ ಡಾಕ್ಟರ ಹತ್ರ ಕೂತಿದ್ದೆ,” ಎಂದರು ಅವರೇ. “ಬಾಯಿ ತುಂಬ ಹತ್ತಿ. ಮೇಲಿಂದ ನಿಮ್ಮಪ್ಪನ ಧ್ವನಿ ಬಂತು. ದೋನ್ ಫಿದೆನ್ಸಿಯೊ ಹೋಗಿ ನಾಲ್ಕು ವರ್ಷ. ಮೇಲಿಂದ ಬಂದ್ರೆ ಏನಂದ್ಕೋಬೇಕು ನಾನು? ನನ್ನ ಕಥೆಯೂ ಮುಗೀತು ಅಂದ್ಕೊಂಡೆ. ಸೂಜಿ.”

ಅವನು ಕೊಟ್ಟ.

“ಆಮೇಲೆ ಅಲ್ಲಿಯ ಹುಡುಗಿ ಹೇಳಿದ್ಲು, ಈ ಹಾಡನ್ನ ಎಲ್ಲಾ ಕಡೆ ಹಾಕ್ತಾರೆ ಅಂತ. ಆ ಕಡೆಯೂ ಹಾಕ್ತಾರಾ?”

ಹಾಕುತ್ತಾರೆ ಎಂದ. ಲಾಸ್ ಏಂಜಲೀಸ್‌ನಲ್ಲಿ, ಚಿಕಾಗೋದಲ್ಲಿ, ಹೌದು, ರೇಡಿಯೋದಲ್ಲಿಯೂ.

“ಅವನ ಹೆಸರು ಎಲ್ಲಿ ಹೋಯ್ತು, ಎಲಿ?”

ಹೆಸರು ಉದ್ದವಾಗಿತ್ತು ಎನ್ನಬೇಕಿತ್ತು. ಅವನು ಜೇಬಿನಿಂದ ಕ್ಯಾಸೆಟ್ಟು ತೆಗೆದು ಮೇಜಿನ ಮೇಲಿಟ್ಟು, ತನ್ನ ಬಾಯಿಂದ ಬರುತ್ತಿರುವುದನ್ನು ದೂರ ನಿಂತು ಕೇಳುತ್ತಿರುವವನಂತೆ, ಹಳೆಯ ಟೇಪು ದೋನ್ಯಾ, ಅಷ್ಟು ಭಾಗ ಅಳಿಸಿಹೋಗಿತ್ತು, ಎಂದ. ಶಿಲೀಂಧ್ರ ಹಿಡಿದಿತ್ತು ಎಂದೂ ಸೇರಿಸಿದ. ವಿವರ ಕೊಟ್ಟರೆ ಸುಳ್ಳು ನಿಲ್ಲುತ್ತದೆ ಎಂಬುದು ಅವನಿಗೆ ಪತ್ರಿಕೆಯವಳ ಎದುರಿನಲ್ಲಿ ತಿಳಿದಿತ್ತು. ಅವರು ಕನ್ನಡಕ ಹಣೆಗೇರಿಸಿ ಕ್ಯಾಸೆಟ್ಟನ್ನು ನೋಡಿದರು. ಎದ್ದು, ಕಪಾಟಿನ ಮೇಲಿಂದ ಬಟ್ಟೆ ಹೊದಿಸಿದ್ದ ಪ್ಲೇಯರನ್ನು ಇಳಿಸಿದರು. ಇಡೀ ಪೆನ್ಯೋನ್‌ನಲ್ಲಿ ಓಡುವ ಕ್ಯಾಸೆಟ್ ಪ್ಲೇಯರು ಇನ್ನೊಂದಿರಲಿಕ್ಕಿಲ್ಲ. ಅದು ಇಲ್ಲಿ ಇರುತ್ತದೆ ಎಂದು, ಎಲ್ಲ ಬಿಟ್ಟು ಇಲ್ಲಿಯೇ ಇರುತ್ತದೆ ಎಂದು, ಅವನಿಗೆ ಹೊಳೆದಿರಲಿಲ್ಲ. ಕ್ಯಾಸೆಟ್ಟು ಬರ್ಲಿನ್‌ನಲ್ಲಿ ಅವನು ನಿಲ್ಲಿಸಿದ್ದ ಜಾಗಕ್ಕಿಂತ ಸ್ವಲ್ಪ ಹಿಂದೆ ಇತ್ತು. ಕುಂಬಿಯಾದ ಎಳೆದೆಳೆದು ಬರುವ ಗುಯಿರೊ ವಾದ್ಯದ ಕೆರೆತ, ಬೀದಿಯ ಗದ್ದಲ, ಆಮೇಲೆ ಅಪ್ಪ. ಹೆನಾರೊ ತಾಪಿಯಾ ಒಲ್ವೇರಾ. ಒಂದಕ್ಷರ ಮಸುಕಾಗಿರಲಿಲ್ಲ. ಇದಾಲ್ಗೊ ಬೀದಿ ಹದಿನಾಲ್ಕನೇ ನಂಬರಿನವನು. ಅವನು ಸೂಜಿಯ ಡಬ್ಬಿ ಹಿಡಿದು ನಿಂತೇ ಇದ್ದ. ಹೆಸರಿನ ಸೆಕೆಂಡುಗಳನ್ನು ಅವನ ತಲೆ ಎಣಿಸಿತು.

ದೋನ್ಯಾ ಎರ್ಮೆಲಿಂದಾ ಪ್ಲೇಯರನ್ನು ಆರಿಸಿದರು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಅಲ್ಲಿಂದ ಹೊರಡಲು ಒಂದು ದಾರಿ ಸಿಗುತ್ತಿತ್ತು.

“ಶಿಲೀಂಧ್ರ,” ಎಂದರು, ಹೊಸ ಬಟ್ಟೆಯ ಹೆಸರು ಕೇಳಿದವರಂತೆ. ಆಮೇಲೆ ಮತ್ತೆ ಕೂತು, ಅಂಚನ್ನು ಎತ್ತಿಕೊಂಡು, ತಮ್ಮ ಲೆಕ್ಕವನ್ನು ಅವನಿಗೆ ವಿವರಿಸಿದರು, ಗಿರಾಕಿಗೆ ಅಳತೆ ವಿವರಿಸುವ ಹಾಗೆ. ಇಪ್ಪತ್ತಾರು ವರ್ಷದಿಂದ ತಾವು ಕೊಟ್ಟ ಚೀಟಿ ಈ ಬೀದಿ ದಾಟಿರಲಿಕ್ಕಿಲ್ಲ. ಕ್ಯಾಸೆಟ್ಟಿಗೆ ವಿಳಾಸ ಬೇಕು, ಫೋನಿಗೆ ನಂಬರು ಬೇಕು. ಇವನ ಹಾಡಿಗೆ ಏನೂ ಬೇಕಿಲ್ಲ, ತಾನಾಗಿ ಹೋಗುತ್ತದೆ, ಡಾಕ್ಟರ ಸೂರಿನಿಂದಲೂ ಬರುತ್ತದೆ. ಐದು ವರ್ಷ ಲೋಕವೆಲ್ಲ ತಿರುಗಿದೆ. ಎಲ್ಲೋ ಒಂದು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ಮಗ ಅದನ್ನು ಕೇಳಿಯೂ ಇರಬಹುದು. “ಕೇಳಿ ಏನಂದ್ಕೊಂಡಿರ್ತಾನೆ? ಯಾರದೋ ತಾಯಿ ಯಾರಿಗೋ ತಟ್ಟೆ ಎತ್ತಿಟ್ಟಿದ್ದಾಳೆ ಅಂತ. ನೀನು ಲಕೋಟೆ ಮುಟ್ಟಿಸಿದೆ, ಮೇಲಿನ ಹೆಸರು ಕೆರೆದುಬಿಟ್ಟೆ.”

ಇಷ್ಟು ವರ್ಷದಲ್ಲಿ ಅವನನ್ನು ಕಾಡಿದ್ದು ಬೇರೆ: ಕೇಳದೆ ತೆಗೆದುಕೊಂಡೆ, ಅವರ ದುಃಖಕ್ಕೆ ಜನರನ್ನು ಕುಣಿಸಿದೆ. ಆ ಅಪರಾಧಗಳಿಗೆ ಒಂದು ಘನತೆಯಿತ್ತು, ಸಂದರ್ಶನದಲ್ಲಿ ಹೇಳಿಕೊಳ್ಳಬಹುದಾದಂಥ ಘನತೆ. ಅವರು ಅವನ್ನು ಗಮನಿಸಿಯೇ ಇರಲಿಲ್ಲ. ಅವನು ಮಾಡಿದ ತಪ್ಪು ಅಂಚೆಯವನು ಮಾಡುವಂಥದ್ದು.

ಹಳೆಯ ಹೆಸರನ್ನು ವಾಪಸು ಸೇರಿಸುತ್ತೇನೆ ಎಂದ, ಇವತ್ತೇ. ಬೇಡವೆಂದು ಅವರು ತಲೆಯಾಡಿಸಿದರು, ಅದರಲ್ಲಿ ಹದಿನಾಲ್ಕು ಅಂತಿದೆ, ಹದಿನಾಲ್ಕಕ್ಕೆ ಬಂದರೆ ಅವನು ಯಾರನ್ನು ಕೇಳುತ್ತಾನೆ, ಕಾರುಗಳನ್ನೇ? ಹೊಸದಾಗಿ ಓದಬೇಕು. ಹಾಗಾದರೆ ಸ್ಟುಡಿಯೋದಲ್ಲಿ ನಾನೇ ಓದಿ ಸೇರಿಸುತ್ತೇನೆ, ಅಲ್ಲಿ ಧ್ವನಿ ಚೆನ್ನಾಗಿ ಬರುತ್ತದೆ, ಎಂದ ಅವನು, ಮತ್ತೆ ಒಂದು ಬಾಗಿಲು ಹುಡುಕುತ್ತಾ.

“ಖಾಲಿ ಕೋಣೆಯಲ್ಲಿ ಹೇಳಿದ್ರೆ ಅದು ಸಲಾಮಾ? ನಾನು ಎದುರಿಗೆ ನಿಂತಿರಬೇಕು. ಬೀದಿಯವರು ಕೇಳಬೇಕು. ನೀನು ಓದಬೇಕು. ಅದನ್ನ ಹಿಡಿದು ಹಾಡಿಗೆ ಹಾಕು, ಪೂರ್ತಿ.” ಹಲ್ಲಿನಿಂದ ದಾರ ಕಡಿದರು. “ಒತೀಲಿಯಾಗೆ ಹೇಳು, ಎರಡನೇ ಕಟ್ಟು. ಮೂರನೇ ಕಟ್ಟಿಗೆ ಹಾಕೋಕೆ ನನ್ನ ಹತ್ರ ಏನಿದೆ? ಒಂದು ಮೂಳೆ ತಂದು ಕೊಡ್ಲಿ ಆ ಕ್ರಿಸ್ಪೀನ್, ಅವನ ಅಂಗಡಿಯದಲ್ಲ, ನನ್ನ ಮಗನದು. ಆಗ ಹಾಕ್ತೀನಿ.”

ಒಂದು ಗಂಟೆಗೆ ಕುಣಿತ ಶುರುವಾಯಿತು. ಟಾರ್ಪಾಲಿನ ಕೆಳಗೆ ಎಲ್ಲರ ಮುಖವೂ ಹಳದಿಯಾಗಿತ್ತು. ತೀರಿಕೊಂಡವರ ಕಟ್ಟು ಮೂರರಲ್ಲಿ ದಪ್ಪದ್ದು. ಔಷಧಿ ಅಂಗಡಿಯ ರಸೀದಿಯ ಬೆನ್ನು, ರಟ್ಟಿನ ಚೂರು, ಎತ್ತಿ ಹಿಡಿದ ಫೋನಿನ ಪರದೆ, ಎಲ್ಲದರಲ್ಲೂ ಹೆಸರು. ಎಲಿಹಿಯೊ ಮೈಕು ಹಿಡಿದಾಗ ಅದು ಅಪ್ಪನ ಹಲ್ಲು ತಾಗಿ ತಾಗಿ ಒಂದು ಬದಿ ತಗ್ಗಾಗಿರುವುದು ಬೆರಳಿಗೆ ಸಿಕ್ಕಿತು. ಮೊದಲ ಹೆಸರು ಓದಿದ. ತನ್ನ ಧ್ವನಿ ಹದಿನಾರು ಸ್ಪೀಕರುಗಳಿಂದ ಹೊರಬಂದು ತನ್ನ ಎದೆಗೇ ಬಡಿಯಿತು; ತೆಳ್ಳಗಿನ, ಸ್ವಲ್ಪ ಮೂಗಿನ ಧ್ವನಿ, ಇಂಥದ್ದನ್ನು ಅವನಾಗಿದ್ದರೆ ಯಾವ ಹಾಡಿಗೂ ಆರಿಸಿಕೊಳ್ಳುತ್ತಿರಲಿಲ್ಲ. ಎರಡನೆಯದು. ಮೂರನೆಯದರ ಮುಂದೆ ಅವನು ನಿಂತ. ಎದುರಿಗೆ ಕ್ರಿಸ್ಪೀನ್, ಈಗ ಮುದುಕ, ಹೊಟ್ಟೆಯ ಮೇಲೆ ಕೈ ಕಟ್ಟಿ ಕಾಯುತ್ತಿದ್ದ. ಮೂರನೆಯದನ್ನೂ ಓದಿದ. ಸೀಳಲಿಲ್ಲ. ನಲವತ್ತೈದು ವರ್ಷಕ್ಕೆ ಕೊನೆಗೂ ಮೀಸೆ ಬಂತು, ಎಂದು ಕ್ರಿಸ್ಪೀನ್ ಪಕ್ಕದವರಿಗೆ ಕೇಳುವ ಹಾಗೆ ಹೇಳಿದ. ಜನ ನಕ್ಕು, ಕುಣಿತ ಮುಂದುವರಿಸಿದರು. ಎಣಿಕೆಯಿಲ್ಲದೆ ಹತ್ತು, ಇಪ್ಪತ್ತು, ಮೂವತ್ತು ಹೆಸರು ಹೋದವು. ಒತೀಲಿಯಾ ಒಂದು ಕೈಯಲ್ಲಿ ರೆಕಾರ್ಡು ಬದಲಿಸುತ್ತಾ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಆ ಕಡೆಯವರಿಗೆ ತೋರಿಸುತ್ತಿದ್ದಳು.

ದೋನ್ಯಾ ಎರ್ಮೆಲಿಂದಾ ನಾಲ್ಕು ಗಂಟೆಯ ಸುಮಾರಿಗೆ ಬಂದರು. ತಿಳಿ ನೀಲಿ ಉಡುಪು, ಕಿವಿಗೆ ಸಣ್ಣ ಚಿನ್ನದ ಓಲೆ. ಚೀಟಿಯನ್ನು ಬಟ್ಟೆ ಕತ್ತರಿಸುವ ಕಂದು ಕಾಗದದ ತುಂಡಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿದ್ದರು. ಸ್ಪೀಕರಿನಿಂದ ಮೂರು ಮಾರು ದೂರದಲ್ಲಿ ನಿಂತರು. ಸುತ್ತಲಿನವರು ಕುಣಿಯುತ್ತಲೇ ಸ್ವಲ್ಪ ಜಾಗ ಬಿಟ್ಟರು. ಒತೀಲಿಯಾ ೧೯೯೮ರದ್ದೇ ಒಂದು ಕುಂಬಿಯಾವನ್ನು ಹುಡುಕಿ ಹಾಕಿದಳು, ವೇಗ ಇಳಿಸಿ. ಎಲಿಹಿಯೊ ಓದಿದ. ಹೇಗೆ ಓದಿದನೋ ಅವನಿಗೇ ತಿಳಿಯಲಿಲ್ಲ. ಮುಗಿದಾಗ ಎರಡು ಕಡೆ ಜನ ಕುಣಿತ ನಿಲ್ಲಿಸಿದ್ದರು, ನಬೋರ್ ಸ್ಲೇಟು ಬಿಟ್ಟು ಕಣ್ಣೊರೆಸಿಕೊಳ್ಳುತ್ತಿದ್ದ. ದೋನ್ಯಾ ಎರ್ಮೆಲಿಂದಾ ತಲೆಯಾಡಿಸಿದರು, ಅಳತೆ ಸರಿಯಿದೆ ಎನ್ನುವ ಹಾಗೆ. ಅವನ ಮೈಯೆಲ್ಲ ಹಗುರಾಯಿತು. ನಾಳೆಯ ಫೈಲಿನಲ್ಲಿ ಇದನ್ನು ಎಲ್ಲಿ ಕೂರಿಸಬೇಕೆಂದು ಆಗಲೇ ಅಳೆಯುತ್ತಾ, ಅಭ್ಯಾಸದಿಂದ ಎಡಕ್ಕೆ, ರೆಕಾರ್ಡರಿನ ಕಡೆ ನೋಡಿದ.

ಕೆಂಪು ದೀಪ ಇರಲಿಲ್ಲ. ಬೆಳಿಗ್ಗೆ ತಾನೇ ಕಿತ್ತಿದ್ದ ತಂತಿ ಎಕೋ ಯಂತ್ರದ ಬೆನ್ನಿನಲ್ಲಿ ಹಾಗೆಯೇ ಇತ್ತು. ಕುಣಿತ ಶುರುವಾದಾಗಿನಿಂದ ಒಂದು ಹೆಸರೂ ದಾಖಲಾಗಿರಲಿಲ್ಲ.

ಅದು ಅವನೊಬ್ಬನಿಗೇ ಗೊತ್ತಿತ್ತು. ಹಾಡು ನಡೆಯುತ್ತಿತ್ತು. ಸಾಧ್ಯತೆಗಳು ಒಂದರ ಹಿಂದೊಂದು, ಎಂದಿನ ವೇಗದಲ್ಲಿ ಬಂದವು. ಒತೀಲಿಯಾಳ ಫೋನಿನಲ್ಲಿ ಇದೆ. ಆದರೆ ಅದರಲ್ಲಿ ಗದ್ದಲವೇ ಹೆಚ್ಚು, ಹೆಸರು ಮುಳುಗಿರುತ್ತದೆ. ಇವತ್ತು ಸಂಜೆ ಸ್ಟುಡಿಯೋದಲ್ಲಿ ಕೂತು ಹೀಗೆಯೇ ಓದಿ, ಹಿಂದೆ ಬೀದಿಯ ಸದ್ದು ಬೆರೆಸಿದರೆ ಯಾರಿಗೂ ತಿಳಿಯುವುದಿಲ್ಲ. ಅವನಿಗಿಂತ ಚೆನ್ನಾಗಿ ಅದನ್ನು ಮಾಡುವವರು ಈ ಊರಿನಲ್ಲಿ ಯಾರೂ ಇಲ್ಲ. ಟೇಪು ಕೆಟ್ಟಿತು ಎನ್ನಬಹುದು. ಶಿಲೀಂಧ್ರ. ಆ ಪದ ಬಂದಲ್ಲಿಗೆ ಅವನ ಜೋಡಣೆ ನಿಂತಿತು. ಒಂದು ಚೀಟಿಯನ್ನು ಅಪ್ಪ ಎಂದೂ ಎರಡು ಸಲ ಓದಿದವನಲ್ಲ. ಒಬ್ಬರಿಗೆ ಓದಿದರೆ ಇಡೀ ಬೀದಿಗೆ ಓದಬೇಕಾಗುತ್ತದೆ. ದೋನ್ಯಾ ಎರ್ಮೆಲಿಂದಾ ತಿರುಗಿ, ಮನೆಯ ಕಡೆ ಎರಡು ಹೆಜ್ಜೆ ಹಾಕಿದ್ದರು.

ಅವನು ಕೈ ಚಾಚಿ ಸೂಜಿಯನ್ನು ರೆಕಾರ್ಡಿನಿಂದ ಎತ್ತಿದ. ಹಾಡು ಅರ್ಧಕ್ಕೆ ನಿಂತಿತು. ಇನ್ನೂರು ಜನ ಒಂದು ಕಾಲೆತ್ತಿ ನಿಂತವರಂತೆ ಅವನ ಕಡೆ ನೋಡಿದರು.

“ರೆಕಾರ್ಡು ಆಗಿಲ್ಲ,” ಎಂದ ಮೈಕಿನಲ್ಲಿ. ಈ ಸಲ ಧ್ವ‌ನಿ ಸೀಳಿತು, ಎಕೋ ಯಂತ್ರ ಅದನ್ನು ಏಳು ಸಲ ಹೇಳಿತು. “ತಂತಿ ನಾನೇ ಕಿತ್ತಿದ್ದೆ, ವಾಪಸು ಹಾಕೋದು ಮರೆತೆ. ನನ್ನ ತಪ್ಪು. ಆ ಹಳೆ ಟೇಪಿಗೂ ಏನೂ ಆಗಿರಲಿಲ್ಲ, ದೋನ್ಯಾ. ಹೆಸರನ್ನ ನಾನೇ ಕತ್ತರಿಸಿದ್ದೆ. ಮತ್ತೆ ಓದ್ತೀನಿ.”

ಬೀದಿಯವರಿಗೆ ಎರಡನೇ ಮಾತು ಅರ್ಥವಾಗಲಿಲ್ಲ. ಮೊದಲನೆಯದು ಚೆನ್ನಾಗಿ ಅರ್ಥವಾಯಿತು. ಕ್ರಿಸ್ಪೀನ್ ಕೋಳಿಯಂತೆ ಕೂಗಿದ, ಇಪ್ಪತ್ತೊಂಬತ್ತು ವರ್ಷದ ನಂತರವೂ ಅದೇ ಕೋಳಿ. ಬೀದಿ ನಕ್ಕಿತು. ಬರ್ಲಿನ್ ಸಾಹೇಬರಿಗೆ ತಂತಿ ಸಿಕ್ಕಿಸೋಕೆ ಬರಲ್ಲ, ಎಂದು ಯಾರೋ ಅಂದರು. ನಗು ಆರುವವರೆಗೆ ಅವನು ಬಗ್ಗಿ ತಂತಿ ಬಿಚ್ಚಿ, ರೆಕಾರ್ಡರಿಗೆ ಸಿಕ್ಕಿಸಿ, ಗುಂಡಿ ಒತ್ತಿದ. ಕೆಂಪು ದೀಪ ಹತ್ತಿತು. ಇನ್ನು ಎಕೋ ಇರಲಿಲ್ಲ. ಅವನ ಧ್ವನಿ ಅವನ ಬಳಿಯಷ್ಟೇ ಇತ್ತು.

ದೋನ್ಯಾ ಎರ್ಮೆಲಿಂದಾ ವಾಪಸು ಬಂದು, ಮುಂಚೆ ನಿಂತಿದ್ದ ಜಾಗದಲ್ಲೇ ನಿಂತರು.

“ನಿಧಾನ ಓದು,” ಎಂದರು. “ಹೋದ ಸಲ ನಂಬರನ್ನ ಓಡಿಸಿಬಿಟ್ಟೆ.”

ಒತೀಲಿಯಾ ರೆಕಾರ್ಡನ್ನು ಮೊದಲಿನಿಂದ ಹಾಕಿದಳು. ಗುಯಿರೊ ಎಳೆಯುತ್ತಾ ಬಂತು. ಎಂಟು ಎಣಿಕೆಯಲ್ಲಿ ಇದು ಎಂದೂ ಹಿಡಿಯುವುದಿಲ್ಲ, ಹದಿನಾರರಲ್ಲೂ ಇಲ್ಲ; ನಾಳೆ ಆ ಜಾಗಕ್ಕೆ ಬಂದಾಗ ಡ್ರಮ್ಮು ನಿಲ್ಲಬೇಕು, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾಯಬೇಕು. ಕಾಯಲಿ ಎಂದುಕೊಂಡ. ಕಂದು ಕಾಗದವನ್ನು ಬೆಳಕಿಗೆ ಹಿಡಿದು, ಇದ್ದದ್ದನ್ನು ಇದ್ದ ಹಾಗೆ ಓದತೊಡಗಿದ.

“ಆ ಕಡೆಗೆ ಸಲಾಮು. ಹೆನಾರೊ ತಾಪಿಯಾ ಒಲ್ವೇರಾ. ಎಲ್ಲಿದ್ದರೂ ಸರಿ. ಹದಿನಾಲ್ಕಕ್ಕೆ ಹೋಗಬೇಡ, ಅಲ್ಲಿ ಯಾರೂ ಇಲ್ಲ. ಅದೇ ಬೀದಿ, ಮೂವತ್ತೊಂದು. ಮೂವತ್ತೊಂದು. ಹಸಿರು ಬಾಗಿಲು. ಬೆಲ್ಲು ಕೆಟ್ಟಿದೆ, ಜೋರಾಗಿ ಬಡಿ.”